ಬೇವಿನ ಗಿಡದ ನೆರಳು ಮೂವತ್ತು ಹೆಜ್ಜೆ ದೂರವಿತ್ತು

ಕಳೆದ ವರ್ಷ ಏಪ್ರಿಲ್ ತಿಂಗಳಲ್ಲಿ ನಮ್ಮ ಮನೆ ಮುಂದೆ ಒಂದು ಸ್ಪೋರ್ಟ್ಸ್ ಕಾರು ಬಂದು ನಿಂತಿತು.

ನಮ್ಮದು ಮುಧೋಳ ತಾಲ್ಲೂಕಿನ ಸಣ್ಣ ಹಳ್ಳಿ. ಕಬ್ಬಿನ ಟ್ರ್ಯಾಕ್ಟರ್, ಟಂಟಂ, ಬೈಕು, ದಿನಕ್ಕೆ ಮೂರು ಸಲ ಕೆಂಪು ಬಸ್ಸು. ಇಷ್ಟೇ ನಮ್ಮ ರಸ್ತೆ ನೋಡಿದ ಗಾಡಿಗಳು. ಆ ದಿನ ಮೊದಲು ಕಾರಿನ ಹೊಟ್ಟೆ ಹಂಪಿಗೆ ಕೆರೆದ ಸದ್ದು ಬಂತು, ಆಮೇಲೆ ಕಾರು ಬಂತು. ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ನಿಯಮವಿದೆ. ನಮ್ಮೂರಿನ ಹಂಪನ್ನು ಒಂದು ಅಪಘಾತವಾದ ಮರುದಿನ ಊರವರೇ ಸಿಟ್ಟಿನಲ್ಲಿ ಹಾಕಿದ್ದು. ಅದಕ್ಕೆ ಅಳತೆ ಎಲ್ಲಿಂದ ಬರಬೇಕು?

ಹುಡುಗರೆಲ್ಲ ಓಡಿ ಬಂದರು. ಕಾರಿನ ಎತ್ತರ ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲೆ. ಬಾಗಿಲು ಎರಡೇ. ಮಾಲೀಕರು ಸಾಮಾನು ತೆಗೆಯಲು ಮುಂದಿನ ಬಾನೆಟ್ ಎತ್ತಿದಾಗ ಒಬ್ಬ ಹುಡುಗ ಕೂಗಿದ, "ಎಂಜಿನ್ನ ಇಲ್ಲಲೇ ಇದಕ್ಕ!" ನಿಜ, ಮುಂದೆ ಎಂಜಿನ್ ಇರಲಿಲ್ಲ, ಚೀಲ ಇಡುವ ಗುಳಿ ಇತ್ತು. ಎಂಜಿನ್ ಹಿಂದಿನ ಚಕ್ರಗಳ ಹತ್ತಿರ. ಜರ್ಮನಿಯ ಕಾರು. ಕಂಪನಿ ಹೆಸರು ಬೇಡ. ಯಾಕಂದರೆ ಮುಂದೆ ಹೇಳುವ ತಪ್ಪು ಕಾರಿನದಲ್ಲ, ನಮ್ಮದು.

ಕಾರಿನವರು ಬೆಂಗಳೂರಿನವರು. ನಲವತ್ತರ ಆಸುಪಾಸು, ಕನ್ನಡಿಗರು, ಸಾಫ್ಟ್‌ವೇರ್ ಕೆಲಸ. ನಮ್ಮ ಮನೆಯ ಎರಡು ನಾಯಿಗಳನ್ನು ಕೊಳ್ಳಲು ಬಂದಿದ್ದರು.

ಮುಧೋಳ ನಾಯಿ ಅಂದರೆ ನಿಮಗೆ ಗೊತ್ತೇ ಇರುತ್ತದೆ. ಉದ್ದ ಕಾಲು, ಸಣ್ಣ ಸೊಂಟ, ಚೂಪು ಮುಖದ ಬೇಟೆ ನಾಯಿ. ಮುಧೋಳದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಇದನ್ನು ಉಳಿಸಿ ಬೆಳೆಸಿದರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟಾಂಪ್ ತಂದಿತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರ ಇದೆ. ಸೈನ್ಯಕ್ಕೂ ಮರಿಗಳು ಹೋಗಿವೆ. 2020ರಲ್ಲಿ ಪ್ರಧಾನಿ 'ಮನ್ ಕೀ ಬಾತ್'ನಲ್ಲಿ ಹೆಸರು ಹೇಳಿದ ಮೇಲಂತೂ ನಮ್ಮ ಭಾಗಕ್ಕೆ ಫೋನ್ ಮೇಲೆ ಫೋನ್.

ನಮ್ಮ ಅಪ್ಪ ಇಪ್ಪತ್ತು ವರ್ಷದಿಂದ ನಾಯಿ ಸಾಕುತ್ತಾರೆ. ಎರಡು ಎಕರೆ ಹೊಲ, ಒಂದು ಎಮ್ಮೆ, ನಾಯಿಮರಿ ಮಾರಿದ ದುಡ್ಡು. ಇದರಲ್ಲೇ ನನ್ನ ಪತ್ರಿಕೋದ್ಯಮ ಡಿಪ್ಲೊಮಾ ಆಯಿತು. ಈಗ ತಂಗಿಯ ಕಾಲೇಜು ನಡೆದಿದೆ. ಸಾಮಾನ್ಯವಾಗಿ ಎರಡು ತಿಂಗಳಿಗೆ ಮರಿ ಕೊಟ್ಟುಬಿಡುತ್ತೇವೆ. ಆದರೆ ಆ ಸಲ ಎರಡು ಮರಿ ಉಳಿದುಕೊಂಡವು. ಗಂಡು ಬಾದಲ್, ಹೆಣ್ಣು ಬಿಜಲಿ. ಹತ್ತು ತಿಂಗಳು ಮನೆಯಲ್ಲೇ ಬೆಳೆದವು. ಬಿಜಲಿ ನನ್ನ ಹೊರಸಿನ ಕೆಳಗೆ ಮಲಗುತ್ತಿತ್ತು. ನಾನು ಸುದ್ದಿಗೆ ಹೋಗಲು ಬೈಕ್ ಚಾಲೂ ಮಾಡಿದರೆ ಹಳ್ಳದವರೆಗೆ ಪಕ್ಕದಲ್ಲೇ ಓಡಿ ಬಂದು ವಾಪಸ್ಸಾಗುತ್ತಿತ್ತು.

ಮಾರುವ ಮಾತು ಬಂದಾಗ ನಾನು ಬೇಡ ಅನ್ನಲಿಲ್ಲ. ಅನ್ನುವ ಬಾಯಿ ನನಗಿರಲಿಲ್ಲ. ನಾನು ಜಿಲ್ಲಾ ಸ್ಟ್ರಿಂಗರ್. ಸುದ್ದಿ ಅಚ್ಚಾದಷ್ಟು ಕಾಸು. ಆ ಹೊತ್ತಿಗೆ ನನಗೆ ಎಂಟು ತಿಂಗಳ ಬಿಲ್ ಬಾಕಿ ಇತ್ತು. ಮನೆಗೆ ಒಂದು ರೂಪಾಯಿ ಕೊಡದವನು ನಾಯಿ ಮಾರಬೇಡ ಅಂತ ಹೇಗೆ ಹೇಳಲಿ? ಎರಡಕ್ಕೂ ಸೇರಿ 30 ಸಾವಿರಕ್ಕೆ ಮಾತಾಯಿತು. ಮುಂಗಡದ 10 ಸಾವಿರ ಬಂದ ದಿನವೇ ಬೋರಿನ ಮೋಟಾರು ರಿಪೇರಿಗೆ ಹೋಯಿತು.

ಆ ಕಾರನ್ನು ನೋಡಿ ಅಪ್ಪ ಹಣೆ ಗಂಟಿಕ್ಕಿದರು. "ಸಾಹೇಬ್ರ, ಇದರಾಗ ಇವು ಎಲ್ಲಿ ಕುಂಡ್ರತಾವ್ರಿ?"

ಹಿಂದೆ ಎರಡು ಪುಟ್ಟ ಸೀಟು ಇದ್ದವು. ಶಾಲೆ ಮಕ್ಕಳು ಕೂತರೂ ಮೊಣಕಾಲು ಗದ್ದಕ್ಕೆ ತಾಗಬೇಕು. ಅವರು ಆ ಸೀಟುಗಳ ಬೆನ್ನು ಮುಂದಕ್ಕೆ ಮಡಚಿದರು, ಸಮತಟ್ಟಾಯಿತು. ಮೇಲೆ ಒಂದು ರಗ್ಗು ಹಾಸಿದರು. "ಆರಾಮಾಗಿ ಮಲಗ್ತವೆ ಯಜಮಾನ್ರೇ, ಎಸಿ ಇದೆ. ಒಬ್ಬರು ಜೊತೆಗೆ ಬಂದರೆ ಒಳ್ಳೇದು, ಹೊಸ ಜಾಗ, ಗಾಬರಿ ಆಗ್ತವೆ" ಅಂದರು.

ಹಾಗೆ ನಾನು ಹೊರಟೆ. ಬೆಂಗಳೂರಿಗೆ ಹೋದರೆ ಹೆಡ್ಡಾಫೀಸಿಗೂ ಹೋಗಿ ಬಾಕಿ ಕೇಳಬಹುದು ಅನ್ನುವ ಲೆಕ್ಕವೂ ಇತ್ತು.

ಅವ್ವ ಮೊದಲ ತಪ್ಪು ಮಾಡಿದಳು, ಪ್ರೀತಿಯಿಂದ. ದೂರ ಹೋಗುವ ಕೂಸುಗಳು ಅಂತ ಎರಡಕ್ಕೂ ಹೊಟ್ಟೆ ತುಂಬ ಹಾಲು ರೊಟ್ಟಿ ಹಾಕಿದಳು. ಬಿಜಲಿ ಮೊದಲು ಒಳಗೆ ಹೋಗಲಿಲ್ಲ. ನಾನು ಕೂತ ಮೇಲೆ ನನ್ನ ತೊಡೆ ಹತ್ತಿ, ಹಿಂದಕ್ಕೆ ದಾಟಿ ಕೂತಿತು. ಪಟ್ಟಾಕ್ಕೆ ಹಗ್ಗ ಹಾಕಿ ಬೆಲ್ಟಿಗೆ ಕಟ್ಟಿದೆವು. ಅಪ್ಪ ಕಿಟಕಿಯಲ್ಲಿ ಬಗ್ಗಿ ನನಗೆ ಒಂದೇ ಮಾತು ಹೇಳಿದರು: "ತಮ್ಮಾ, ಬಾಯಿ ಇಲ್ಲದ ಜೀವ. ನೀನ ಅದರ ಬಾಯಿ ಆಗಬೇಕ ನೋಡು."

ಹೊರಟಾಗ ಹತ್ತು ಗಂಟೆ. ಊರಿನ ಹುಡುಗರು ಹಂಪಿನವರೆಗೆ "ಚಾರ್ಲಿ, ಚಾರ್ಲಿ" ಅಂತ ಕೂಗುತ್ತ ಓಡಿ ಬಂದರು. 2022ರಲ್ಲಿ ಬಂದ '777 ಚಾರ್ಲಿ' ಸಿನಿಮಾದಲ್ಲಿ ರಕ್ಷಿತ್ ಶೆಟ್ಟಿ ನಾಯಿಯನ್ನು ಬೈಕಿನ ಪಕ್ಕದ ಡಬ್ಬಿಯಲ್ಲಿ ಕೂರಿಸಿಕೊಂಡು ಹಿಮ ತೋರಿಸಲು ಹೋಗುತ್ತಾನಲ್ಲ, ಅವರ ಕಣ್ಣಿಗೆ ನಾವು ಹಾಗೆ ಕಂಡಿರಬೇಕು.

ಲೋಕಾಪುರ ದಾಟಿ ರಾಮದುರ್ಗದ ಹಾದಿ ಹಿಡಿದೆವು. ಅಂಥ ಕಾರಿನಲ್ಲಿ ಕೂತಿದ್ದು ನಾನು ಅದೇ ಮೊದಲು. ರಸ್ತೆಯ ಮೇಲೇ ಕೂತು ಜಾರಿದ ಹಾಗೆ ಅನ್ನಿಸುತ್ತದೆ. ಎದುರು ಬರುವ ಲಾರಿಯ ಚಕ್ರ ನಮ್ಮ ತಲೆಗಿಂತ ಮೇಲೆ. ಎಂಜಿನ್ ಸದ್ದು ಬೆನ್ನ ಹಿಂದಿನಿಂದ ಬರುತ್ತದೆ. ನಮಗೇ ಅಷ್ಟು ಸದ್ದಾದರೆ ಅದರ ಮೇಲೇ ಮಲಗಿದ ನಾಯಿಗಳಿಗೆ ಎಷ್ಟಾಗಿರಬೇಕು? ನಾಯಿಯ ಕಿವಿ ನಮ್ಮದಕ್ಕಿಂತ ಎಷ್ಟೋ ಚುರುಕು.

ಅರ್ಧ ಗಂಟೆಯಲ್ಲಿ ಬಿಜಲಿ ಆಕಳಿಸತೊಡಗಿತು. ಬಾಯಿಂದ ಜೊಲ್ಲು ಇಳಿಯಿತು. ನಿದ್ದೆ ಬಂದಿದೆ ಅಂದುಕೊಂಡೆ. ಗಾಡಿ ಆಗದ ನಾಯಿಯ ಲಕ್ಷಣವೇ ಅದು ಅಂತ ಆಮೇಲೆ ಗೊತ್ತಾಯಿತು. ರಾಮದುರ್ಗ ಬರುವ ಮೊದಲೇ ಹಾಲು ರೊಟ್ಟಿ ಎಲ್ಲ ರಗ್ಗಿನ ಮೇಲೆ ಬಂತು. ನಾನು ನಾಚಿಕೆಯಿಂದ ಸತ್ತೆ. ಅವರು ಮುಖ ಸಿಂಡರಿಸಲಿಲ್ಲ. ಗಾಡಿ ನಿಲ್ಲಿಸಿ ತಾವೇ ಒರೆಸಿದರು. "ನನ್ನ ಮಗಳೂ ಹೀಗೇ, ಘಾಟ್ ಬಂದರೆ ಶುರು" ಅಂತ ನಕ್ಕರು. ಈ ಮನುಷ್ಯ ಕೆಟ್ಟವರಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವಾಗ ನೆನಪಿರಲಿ.

ನರಗುಂದ, ನವಲಗುಂದ, ಹುಬ್ಬಳ್ಳಿ. ಬಿಸಿಲು ಏರಿತು. ಮುಂದೆ ಕೂತ ನಮಗೆ ಎಸಿ ಗಾಳಿ ಮುಖಕ್ಕೇ ಹೊಡೆಯುತ್ತಿತ್ತು, ನನಗೆ ಚಳಿ. ಹಿಂದಕ್ಕೆ ಕೈ ಚಾಚಿ ಬಿಜಲಿಯ ಬೆನ್ನು ಮುಟ್ಟಿದರೆ ಬಿಸಿ. ಆ ಕಾರಿನ ಹಿಂದಿನ ಗಾಜು ಇಳಿಜಾರು, ಬಿಸಿಲು ನೇರ ನಾಯಿಗಳ ಮೇಲೇ ಬೀಳುತ್ತಿತ್ತು. ಹಿಂದಿನ ಪಕ್ಕದ ಗಾಜುಗಳು ತೆರೆಯುವಂಥವಲ್ಲ. ನನ್ನ ಅಂಗಿಯ ಮೇಲಿನ ಟವೆಲ್ ತೆಗೆದು ಗಾಜಿಗೆ ಸಿಕ್ಕಿಸಿದೆ. ಅಷ್ಟು ಮಾತ್ರ ಸರಿ ಮಾಡಿದೆ.

ದಾರಿಯಲ್ಲಿ ಮಾತಾಡುತ್ತ ನನ್ನ ಬಾಕಿ ವಿಷಯ ಬಂತು. ಅವರು, "ನಿಮ್ಮ ಹೆಡ್ಡಾಫೀಸಿನಲ್ಲಿ ನನ್ನ ಕಾಲೇಜ್ ಗೆಳೆಯ ಇದ್ದಾನೆ. ಊಟಕ್ಕೆ ನಿಂತಾಗ ಫೋನ್ ಮಾಡೋಣ" ಅಂದರು. ನನ್ನ ಎದೆ ಹಗುರಾಯಿತು. ಅಲ್ಲಿಂದ ಮುಂದೆ ನಾನು ಅವರ ಪ್ರತಿ ಮಾತಿಗೂ "ಹೌದ್ರಿ ಸರ್" ಅನ್ನುತ್ತಿದ್ದೆ.

ಶಿಗ್ಗಾಂವಿ ದಾಟಿದ ಮೇಲೆ ಹೆದ್ದಾರಿ ಪಕ್ಕದ ಒಂದು ಖಾನಾವಳಿ ಮುಂದೆ ನಿಂತೆವು. ಎರಡು ಗಂಟೆ. ಅವತ್ತು 39 ಡಿಗ್ರಿ ಅಂತ ಫೋನ್ ತೋರಿಸುತ್ತಿತ್ತು. ನಾಯಿ ಒಳಗೆ ಬೇಡ ಅಂದ ಹೋಟೆಲ್ ಹುಡುಗ. ಅಂಗಳದ ಆ ತುದಿಯಲ್ಲಿ ಒಂದು ಬೇವಿನ ಗಿಡ ಇತ್ತು, ಚೆನ್ನಾದ ನೆರಳು. ಆದರೆ ಅಲ್ಲಿಗೆ ಹೋಗುವ ದಾರಿ ಕಲ್ಲು ಗುಂಡಿ. ಕಾರಿನ ಹೊಟ್ಟೆ ಮತ್ತೆ ಕೆರೆಯುತ್ತದೆ ಅಂತ ಅವರು ಡಾಂಬರಿನ ಅಂಚಿಗೇ ನಿಲ್ಲಿಸಿದರು. ಎರಡೂ ಗಾಜು ಎರಡು ಬೆರಳಷ್ಟು ಇಳಿಸಿದರು. "ಹತ್ತೇ ನಿಮಿಷ" ಅಂದರು.

ನಾಯಿಗಳನ್ನು ಇಳಿಸಿ ಆ ಗಿಡಕ್ಕೆ ಕಟ್ಟಬಹುದಿತ್ತು. ಮೂವತ್ತು ಹೆಜ್ಜೆ. ನನಗೆ ಗೊತ್ತಿತ್ತು. ಹಿಂದಿನ ತಿಂಗಳು ನಾನೇ 'ಬೇಸಿಗೆಯಲ್ಲಿ ಜಾನುವಾರುಗಳಿಗೆ ನೆರಳು, ನೀರು ಕೊಡಿ' ಅಂತ ಪಶುವೈದ್ಯರನ್ನು ಮಾತಾಡಿಸಿ ಸುದ್ದಿ ಕಳಿಸಿದ್ದೆ. ಅದಕ್ಕೂ ಮೊದಲು ಕುರಿಗಳನ್ನು ಒತ್ತೊತ್ತಿ ತುಂಬಿದ ಲಾರಿಯ ಬಗ್ಗೆ ಬರೆದಿದ್ದೆ. ಪ್ರಾಣಿಗಳಿಗೆ ಹಿಂಸೆಯಾಗುವಂತೆ ಸಾಗಿಸಿದರೆ 1960ರ ಕಾಯ್ದೆ ಪ್ರಕಾರ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇಷ್ಟು ಕಡಿಮೆಯಾ ಅಂತ ಆ ಸುದ್ದಿಯಲ್ಲಿ ಸಿಟ್ಟಾಗಿದ್ದವನು ನಾನೇ.

"ಸರ್, ಇವನ್ನ ಗಿಡಕ್ಕ ಕಟ್ಟೋಣ್ರಿ" ಅನ್ನುವ ಮಾತು ನಾಲಗೆ ತುದಿಗೆ ಬಂತು. ಅನ್ನಲಿಲ್ಲ. ಇವರು ಬೇಜಾರಾದರೆ? ಫೋನ್ ಮಾಡದಿದ್ದರೆ? ಇದೇ ಕಾರಣ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಒಳಗೆ ಊಟ ಬರುವಷ್ಟರಲ್ಲಿ ಅವರು ಮಾತಿನಂತೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಹಾಕಿ ನನಗೂ ಮಾತಾಡಲು ಕೊಟ್ಟರು. ಆ ಕಡೆಯವರು ಯಾವ ತಿಂಗಳು, ಎಷ್ಟು ಸುದ್ದಿ, ಬಿಲ್ ಯಾವಾಗ ಕಳಿಸಿದಿರಿ ಅಂತ ಕೇಳಿದರು. ನಾನು ಫೋನಿನಲ್ಲಿ ಬಿಲ್ಲಿನ ಫೋಟೊ ಹುಡುಕಿ ಹುಡುಕಿ ಹೇಳಿದೆ. ಖುಷಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಕೈ ತೊಳೆದು ಗಡಿಯಾರ ನೋಡಿದರೆ ಇಪ್ಪತ್ತೈದು ನಿಮಿಷ.

ಬಾಗಿಲು ತೆಗೆದಾಗ ಒಲೆಯ ಬಾಯಿ ತೆಗೆದ ಹಾಗೆ ಝಳ ಬಂತು.

ಬಾದಲ್ ಮುಂದಿನ ಸೀಟಿಗೆ ದಾಟಿ ಗಾಜಿನ ಸಂದಿಗೆ ಮೂಗು ಒತ್ತಿ ನಿಂತಿತ್ತು. ಅದರ ಹಗ್ಗ ಉದ್ದ ಇತ್ತು. ಬಿಜಲಿಯ ಹಗ್ಗ ಗಿಡ್ಡ. ನಾನೇ ಕಟ್ಟಿದ್ದು, ಮತ್ತೆ ತೊಡೆ ಹತ್ತಬಾರದು ಅಂತ. ಅದು ಹಿಂದೆಯೇ ಅಡ್ಡ ಬಿದ್ದಿತ್ತು. ನಾಲಗೆ ಒಂದು ಕಡೆ ಜೋತು ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಒಂದೇ ಸಮನೆ ತೇಕುತ್ತಿತ್ತು. ಹೆಸರು ಕರೆದರೆ ಕಣ್ಣು ಹೊರಳಲಿಲ್ಲ.

ಎತ್ತಿಕೊಂಡು ಬೇವಿನ ಗಿಡಕ್ಕೆ ಓಡಿದೆ. ಈಗ ಆ ಮೂವತ್ತು ಹೆಜ್ಜೆ ಹೋದೆ.

ಅವರು ಜ್ಯೂಸಿನ ಅಂಗಡಿಯಲ್ಲಿ ಐಸ್ ಕೇಳಲು ಓಡಿದರು. ನೆರಳಲ್ಲಿ ಕೂತಿದ್ದ ಲಾರಿ ಡ್ರೈವರ್ ಒಬ್ಬರು ಎದ್ದು ಬಂದು, "ಐಸ್ ಹುಡುಕ್ಕೋತ ನಿಂದರಬ್ಯಾಡ್ರಿ, ನಳದ ನೀರ ತಗೊಂಡು ಬರ್ರಿ" ಅಂತ ಗದರಿದರು. ಕೊಡದಲ್ಲಿ ನೀರು ತಂದು ಹೊಟ್ಟೆ, ತೊಡೆ ಸಂದು, ಪಾದಕ್ಕೆ ಸುರಿದೆವು. ಹೋಟೆಲ್ ಹುಡುಗ ರಟ್ಟು ತಂದು ಗಾಳಿ ಹಾಕಿದ. ನಾಯಿ ಒಳಗೆ ಬೇಡ ಅಂದವನೇ ಅವನು. ಬಾಯಿಗೆ ನೀರು ಹಿಡಿದರೆ ಕುಡಿಯಲಿಲ್ಲ. ಒತ್ತಾಯದಿಂದ ಸುರಿಯಬೇಡಿ, ಪುಪ್ಪಸಕ್ಕೆ ಹೋದೀತು ಅಂದರು ಡ್ರೈವರ್.

ಅಲ್ಲಿಂದ ಹತ್ತಿರದ ಸರ್ಕಾರಿ ದನದ ದವಾಖಾನೆಗೆ. ಆ ಕಾರು ಎಷ್ಟು ಜೋರು ಓಡುತ್ತದೆ ಅನ್ನುವುದು ಆಗ ಗೊತ್ತಾಯಿತು. ಗಾಜು ಪೂರ್ತಿ ಇಳಿಸಿ, ಒದ್ದೆ ಟವೆಲಿನಲ್ಲಿ ಬಿಜಲಿಯನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದೆ. ಅದರ ಎದೆ ನನ್ನ ಅಂಗೈಯಲ್ಲಿ ಬಡಿಯುತ್ತಿತ್ತು. ಡಾಕ್ಟರ್ ಊಟ ಬಿಟ್ಟು ಬಂದರು. ಥರ್ಮಾಮೀಟರ್ 106 ದಾಟಿತ್ತು. ನಾಯಿಗೆ ಸಾಧಾರಣವಾಗಿ 101ರಿಂದ 102.5 ಇರಬೇಕು. ಸಲೈನ್ ಹಚ್ಚಿದರು, ಫ್ಯಾನ್ ಹಾಕಿದರು.

"ನೀವು ಮನುಷ್ಯರು ಮೈಯೆಲ್ಲ ಬೆವರ್ತೀರಿ. ಇದಕ್ಕೆ ಬೆವರು ಅಂದರೆ ಪಾದದಲ್ಲಿ ಒಂದಿಷ್ಟು. ಉಳಿದದ್ದೆಲ್ಲ ತೇಕಿಯೇ ತಣ್ಣಗಾಗಬೇಕು. ಗಾಳಿಯೇ ಕಾದಿದ್ದರೆ ತೇಕಿ ಏನು ಪ್ರಯೋಜನ?" ಅಂದರು ಡಾಕ್ಟರ್. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತು ನಿಮಿಷಕ್ಕೇ ಹತ್ತು ಡಿಗ್ರಿಯಷ್ಟು ಏರುತ್ತದೆ, ಗಾಜು ಎರಡು ಬೆರಳು ಇಳಿಸಿದರೆ ಹೆಚ್ಚೇನೂ ತಣ್ಣಗಾಗುವುದಿಲ್ಲ ಅಂತಲೂ ಹೇಳಿದರು. ಹೊರಗೆ 39 ಇದ್ದದ್ದು ಒಳಗೆ ಎಷ್ಟಾಗಿತ್ತು ಅಂತ ನೀವೇ ಲೆಕ್ಕ ಹಾಕಿ.

ಸಂಜೆ ಐದರ ಹೊತ್ತಿಗೆ ಬಿಜಲಿ ತಲೆ ಎತ್ತಿತು. ನನ್ನ ಕೈ ಮೂಸಿತು. ನಾನು ಹೊರಗೆ ಹೋಗಿ ಕಟ್ಟೆ ಮೇಲೆ ಕೂತು ಅತ್ತೆ. ಪಕ್ಕದಲ್ಲಿ ಅವರೂ ಬಂದು ಕೂತರು. "ನಂದೇ ತಪ್ಪು" ಅಂದರು. ನಂದೂ ಅಂತ ನಾನು ಹೇಳಬೇಕಿತ್ತು. ಆಗಲೂ ಸುಮ್ಮನಿದ್ದೆ.

ಇದನ್ನು ಇಷ್ಟು ದೂರ ಮತ್ತೆ ಕರೆದುಕೊಂಡು ಹೋಗಬೇಡಿ, ಎರಡು ಮೂರು ದಿನ ಮೂತ್ರ ಸರಿಯಾಗಿ ಹೋಗುತ್ತಿದೆಯಾ ನೋಡಿ ಅಂದರು ಡಾಕ್ಟರ್. ಬಿಸಿಲ ಹೊಡೆತ ಮೇಲೆ ಕಾಣುವುದಕ್ಕಿಂತ ಒಳಗೆ, ಮೂತ್ರಪಿಂಡಕ್ಕೆ ಹೆಚ್ಚು ಪೆಟ್ಟು ಕೊಡಬಹುದಂತೆ. ಆ ರಾತ್ರಿ ಅಲ್ಲೇ ಒಂದು ಲಾಡ್ಜಿನ ಮಾಲೀಕರ ಕೈಕಾಲು ಹಿಡಿದು ಉಳಿದೆವು. ಮರುದಿನ ಇನ್ನೂ ಕತ್ತಲಿರುವಾಗಲೇ ಅವರು ಬಾದಲ್‌ನನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟರು. ಬಿಸಿಲೇರುವ ಮೊದಲು ಮುಟ್ಟಬೇಕು ಅಂತ. ನಾನು ಬಿಜಲಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದು, ಹಿಂದಿನ ಸೀಟಿನ ಕಿಟಕಿ ಕಡೆ ಜಾಗ ಕೊಟ್ಟರು. ಬಸ್ಸಿನ ಎಲ್ಲ ಕಿಟಕಿ ತೆರೆದಿದ್ದವು. ಕೋಟಿ ಬೆಲೆಯ ಕಾರಿಗಿಂತ ಅದಕ್ಕೆ ಆ ಬಸ್ಸೇ ಆರಾಮಾಯಿತು.

ಮನೆಯಲ್ಲಿ ಅಪ್ಪನಿಗೆ ಹೇಳಿದ್ದು: "ಗಾಡಿ ಆಗಲಿಲ್ಲಪ್ಪ ಇದಕ್ಕ, ಭಾಳ ವಾಂತಿ ಮಾಡಿಕೊಂಡಳು." ಅದು ಸುಳ್ಳಲ್ಲ. ಅದು ನಿಜವೂ ಅಲ್ಲ. ಸುದ್ದಿ ಬರೆಯುವವನಿಗೆ ಹೀಗೆ ಅರ್ಧ ಹೇಳಿ ಮುಗಿಸುವುದು ಚೆನ್ನಾಗಿ ಗೊತ್ತಿರುತ್ತದೆ. ಅಪ್ಪ ಏನೂ ಕೇಳಲಿಲ್ಲ. ಬಿಜಲಿಯ ಬಾಯಿ ಬಿಡಿಸಿ ವಸಡು ನೋಡಿದರು, ಒಂದು ಬೋಗಣಿ ಮಜ್ಜಿಗೆ ಇಟ್ಟರು, ಹೊಲಕ್ಕೆ ಹೋದರು.

ಬಿಜಲಿಯ ದುಡ್ಡು ವಾಪಸ್ ಕೊಡುತ್ತೇನೆ ಅಂತ ಫೋನ್ ಮಾಡಿದರೆ ಅವರು ಬೇಡ ಅಂದರು. "ನಿಮ್ಮಲ್ಲೇ ಇರಲಿ, ಮಳೆ ಬಿದ್ದ ಮೇಲೆ ಬರ್ತೀನಿ." ನನ್ನ ಬಾಕಿಯಲ್ಲಿ ಮೂರು ತಿಂಗಳಿನದು ಮೇ ತಿಂಗಳಲ್ಲಿ ಬಂತು. ಆ ಫೋನಿನಿಂದಲೇ ಬಂತೋ ಇಲ್ಲವೋ ಗೊತ್ತಿಲ್ಲ. ಆ ದುಡ್ಡನ್ನು ಬ್ಯಾಂಕಿನಿಂದ ತೆಗೆಯಲು ನನಗೆ ಹದಿನೈದು ದಿನ ಬೇಕಾಯಿತು.

ಆಗಸ್ಟಿನಲ್ಲಿ ಅವರು ನಿಜವಾಗಿ ಬಂದರು. ಸ್ಪೋರ್ಟ್ಸ್ ಕಾರಿನಲ್ಲಲ್ಲ, ಎತ್ತರದ ದೊಡ್ಡ ಬಾಡಿಗೆ ಗಾಡಿಯಲ್ಲಿ. ಹಿಂದೆ ನಾಯಿಗೆಂದೇ ಗಾಳಿಯಾಡುವ ಪಂಜರ, ನೀರಿನ ಕ್ಯಾನು, ಎದೆಗೆ ಹಾಕುವ ಪಟ್ಟಾ. ಬಾದಲ್ ಕೂಡ ಬಂದಿತ್ತು, ಮೈ ತುಂಬಿಕೊಂಡು. ದಾರಿಯಲ್ಲಿ ಎರಡು ತಾಸಿಗೊಮ್ಮೆ ನಿಲ್ಲಿಸಿದ್ದರಂತೆ. ಅಣ್ಣ ತಂಗಿ ಅಂಗಳದಲ್ಲಿ ಒಂದು ಸುತ್ತು ಓಡಿದವು. ಆದರೆ ಗಾಡಿಯ ಬಾಗಿಲು ತೆಗೆದ ಸದ್ದಾದ ಕೂಡಲೇ ಬಿಜಲಿ ಒಳಗೆ ಓಡಿ ನನ್ನ ಹೊರಸಿನ ಕೆಳಗೆ ಸೇರಿಕೊಂಡಿತು. ಕರೆದರೆ ಬರಲಿಲ್ಲ. ರೊಟ್ಟಿ ತೋರಿಸಿದರೂ ಬರಲಿಲ್ಲ.

ಅಪ್ಪ, "ಸಾಹೇಬ್ರ, ಅಕಿ ಒಲ್ಲೆ ಅಂತಾಳ. ಮುಂದಿನ ಸೂಲಿನಾಗಿನ ಮರಿ ಒಯ್ಯರಿ" ಅಂದರು. ಅವರು ತಲೆಯಾಡಿಸಿದರು. ಹೋಗುವಾಗ ಹೊರಸಿನ ಹತ್ತಿರ ಕೂತು, ಬಗ್ಗಿ, ಅದಕ್ಕೆ ಏನೋ ಹೇಳಿದರು. ನನಗೆ ಕೇಳಲಿಲ್ಲ.

ಗಾಡಿ ಹಂಪು ದಾಟಿದ ಮೇಲೆ ನಾನು ಅಪ್ಪನಿಗೆ ಎಲ್ಲ ಹೇಳಿದೆ. ಗಿಡ, ಫೋನು, ಇಪ್ಪತ್ತೈದು ನಿಮಿಷ, ಗಿಡ್ಡ ಹಗ್ಗ. ಅಪ್ಪ ಕಟ್ಟೆ ಮೇಲೆ ತಂಬಾಕು ತಿಕ್ಕುತ್ತ ಕೇಳಿದರು.

"ಬಸ್ಸಿನಿಂದ ಇಳದ ದಿನಾನ ಅಕಿ ವಸಡ ನೋಡಿದಾಗ ನನಗ ಗೊತ್ತಾಗಿತ್ತು ತಮ್ಮಾ. ನೀನ ಹೇಳ್ತೀ ಅಂತ ಕಾದ್ನಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಾಕ ತಿಂಗಳಾತು" ಅಂದರು. ಅಷ್ಟೇ.

ಬೈಯ್ದಿದ್ದರೆ ಚೆನ್ನಾಗಿತ್ತು.

ಇದನ್ನು ಬರೆಯಲು ಕೂತದ್ದಕ್ಕೆ ಒಂದು ಕಾರಣ ಇದೆ. ಈಗ ನಮ್ಮ ಹಳ್ಳಿಗಳಲ್ಲೂ ಕಾರು ಬಂದಿವೆ, ನಾಯಿ ಕರೆದುಕೊಂಡು ಜಾತ್ರೆಗೆ, ಬೀಗರೂರಿಗೆ ಹೋಗುತ್ತೇವೆ. ಕಾರು ದುಬಾರಿಯದೋ ಅಗ್ಗದ್ದೋ, ಬಿಸಿಲಿಗೆ ಗೊತ್ತಾಗುವುದಿಲ್ಲ. ಹೊರಡುವ ಮೂರ್ನಾಲ್ಕು ತಾಸು ಮೊದಲೇ ತಿನ್ನಿಸಿಬಿಡಿ, ಆಮೇಲೆ ಬರೀ ನೀರು. ಕೊರಳಿಗಲ್ಲ, ಎದೆಗೆ ಪಟ್ಟಾ ಹಾಕಿ ಬೆಲ್ಟಿಗೆ ಕಟ್ಟಿ. ಬೇಸಿಗೆಯಲ್ಲಿ ನಸುಕಿಗೆ ಹೊರಡಿ. ನಿಲ್ಲಿಸಿದರೆ ನಾಯಿಯೂ ಇಳಿಯಲಿ. ಅದನ್ನು ಒಳಗೆ ಬಿಡದ ಹೋಟೆಲಾದರೆ ಒಬ್ಬರು ಹೊರಗೆ ಅದರ ಜೊತೆ ಇರಿ, ಊಟ ಸರದಿ ಮೇಲೆ ಆಗಲಿ. ನಾಲಗೆ ಕೆಂಪಾಗಿ, ತೇಕು ನಿಲ್ಲದೆ, ಕಾಲು ತಡವರಿಸಿದರೆ ನೆರಳು, ತಣ್ಣೀರು, ಗಾಳಿ, ಕೂಡಲೇ ಡಾಕ್ಟರ್. ಚೇತರಿಸಿಕೊಂಡಂತೆ ಕಂಡರೂ ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು. ಗಾಡಿ ಯಾರದೇ ಆಗಿರಲಿ, ಅವರಿಂದ ನಿಮಗೆ ಏನೇ ಕೆಲಸ ಆಗಬೇಕಿರಲಿ, "ಗಿಡದ ಕೆಳಗ ಕಟ್ಟೋಣ್ರಿ" ಅಂತ ಬಾಯಿ ಬಿಟ್ಟು ಹೇಳಿ. ಅಂದಿದ್ದರೆ ಅವರು ಖಂಡಿತ ಕೇಳುತ್ತಿದ್ದರು. ಈಗ ನನಗೆ ಅದು ಚೆನ್ನಾಗಿ ಗೊತ್ತು.

ಬಿಜಲಿ ಈಗಲೂ ನನ್ನ ಬೈಕಿನ ಜೊತೆ ಹಳ್ಳದವರೆಗೆ ಓಡಿ ಬರುತ್ತದೆ. ಮೊದಲಿನಷ್ಟು ಜೋರಿಲ್ಲ. ನಾನೂ ಬೈಕನ್ನು ನಿಧಾನಕ್ಕೇ ಬಿಡುತ್ತೇನೆ.